ಗುಬ್ಬಿಗೆ ಹೋಗಿ ಬಂದು, ಇನ್ನೆರಡು ಕಿಲೋಮೀಟರ್

"ಅದೆಷ್ಟು ದೂರ ಆಗುತ್ತಪ್ಪಾ?" ಅಂತ ಅವ್ವ ಕೇಳಿದಳು. ನಲವತ್ತೆರಡು ಕಿಲೋಮೀಟರ್ ಅಂದೆ. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. "ತುಮಕೂರಿಂದ ಗುಬ್ಬಿಗೆ ಓಡ್ಕೊಂಡು ಹೋಗಿ, ಅಲ್ಲಿ ನಿಲ್ಲದೆ ಹಂಗೇ ವಾಪಸ್ ಬಂದು, ಆಮೇಲೆ ಇನ್ನೂ ಎರಡು ಕಿಲೋಮೀಟರ್" ಅಂದಾಗ ಈಳಿಗೆಮಣೆ ಮೇಲೆ ಸೌತೆಕಾಯಿ ಹೆಚ್ಚುತ್ತಿದ್ದ ಕೈ ನಿಂತಿತು.

"ಗುಬ್ಬಿ ಸಂತೆಗೆ ನಿಮ್ಮ ತಾತ ನಡ್ಕೊಂಡೇ ಹೋಗ್ಬರೋರು. ಆದ್ರೆ ಅಲ್ಲಿ ಕೂತು ಉಂಡು, ಒಂದು ಗಳಿಗೆ ಮಲಗಿ ಏಳೋರು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಹೋಗ್ಬರೋದು ಸರಿ. ಆ ಇನ್ನೆರಡು ಕಿಲೋಮೀಟರ್ ಯಾಕೆ?" ಅಂತ ಕೇಳಿದಳು.

ಓಡುವವರೆಲ್ಲರೂ ಒಂದಲ್ಲ ಒಂದು ದಿನ ಕೇಳಿಕೊಳ್ಳುವ ಪ್ರಶ್ನೆ ಅದು. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಸುಮಾರು ನಲವತ್ತು ಕಿಲೋಮೀಟರ್ ಮಾತ್ರ ಇತ್ತು. 1908ರಲ್ಲಿ ಲಂಡನ್ನಿನವರು ಓಟವನ್ನು ವಿಂಡ್ಸರ್ ಅರಮನೆಯ ಅಂಗಳದಲ್ಲಿ ಶುರುಮಾಡಿ, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಜಾಗದ ಮುಂದೆ ಮುಗಿಸಿದರು. ಅಳೆದರೆ 42.195 ಕಿಲೋಮೀಟರ್ ಬಂತು. 1921ರಲ್ಲಿ ಅದೇ ಅಳತೆ ಜಗತ್ತಿಗೆಲ್ಲ ಖಾಯಂ ಆಯಿತು. ಯಾವುದೋ ಅರಮನೆಯ ಬಾಗಿಲಿಗೂ ರಾಣಿಯ ಕುರ್ಚಿಗೂ ನಡುವಿನ ದೂರವನ್ನು ತುಮಕೂರಿನ ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ ಮಾಡುವ ನಾನು ಆಗಸ್ಟ್‌ನಿಂದ ಕಾಲಲ್ಲಿ ಕಲಿಯುತ್ತಿದ್ದೇನೆ. ಜನವರಿಯ ಮೂರನೇ ಭಾನುವಾರ ಮುಂಬೈ ಮ್ಯಾರಥಾನ್ ಇದೆ. ನನಗೆ ಈಗ 44. ಇದು ನನ್ನ ಮೊದಲ ಪೂರ್ಣ ಮ್ಯಾರಥಾನ್.

ಅಳತೆ ಖಾಯಂ ಆಗುವ ಮುಂಚಿನ ವರ್ಷವೇ ನಮ್ಮ ನಾಡಿನವರೊಬ್ಬರು ಒಲಿಂಪಿಕ್ಸ್ ಮ್ಯಾರಥಾನ್ ಓಡಿದ್ದರು. ಬೆಳಗಾವಿಯ ಪಿ.ಡಿ. ಚೌಗುಲೆ. ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಪುಣೆಯ ಡೆಕ್ಕನ್ ಜಿಮ್‌ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ರೈತರ ಮಕ್ಕಳನ್ನು ಕಂಡ ಉದ್ಯಮಿ ದೊರಾಬ್ಜಿ ಟಾಟಾ, ಇವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕು ಎಂದು ಮನಸ್ಸು ಮಾಡಿದರು. ಹಾಗೆ 1920ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್‌ಗೆ ಹೋದ ಪುಟ್ಟ ತಂಡದಲ್ಲಿ ಚೌಗುಲೆ ಇದ್ದರು. ಆ ವರ್ಷದ ದೂರ 42.75 ಕಿಲೋಮೀಟರ್, ಈಗಿನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾಗಿ ಬಂದರು. ಗೆದ್ದದ್ದು ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್.

ಲೆಕ್ಕ ಹಾಕಿದೆ: ಕಿಲೋಮೀಟರಿಗೆ ನಾಲ್ಕು ನಿಮಿಷ. ಅದು ಎಂಥ ವೇಗ ಅಂತ ತಿಳಿಯಬೇಕು ಅನ್ನಿಸಿ, ಒಂದು ಭಾನುವಾರ ಖಾಲಿ ಬಿದ್ದಿದ್ದ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ಒಂದೇ ಒಂದು ಕಿಲೋಮೀಟರ್ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಓಡಿದೆ. 4 ನಿಮಿಷ 50 ಸೆಕೆಂಡ್. ಮೊಣಕಾಲು ಹಿಡಿದು ನಿಂತು, ಉಸಿರು ಹತೋಟಿಗೆ ಬರುವ ತನಕ ಅವರನ್ನೇ ನೆನೆದೆ. ನಾನು ಒಂದು ಕಿಲೋಮೀಟರಿಗೂ ಹಿಡಿಯಲಾಗದ ವೇಗವನ್ನು ನೂರು ವರ್ಷದ ಹಿಂದೆ ಅವರು ನಲವತ್ತೆರಡೂ ಮುಕ್ಕಾಲು ಕಿಲೋಮೀಟರ್ ಹಿಡಿದುಕೊಂಡು ಹೋಗಿದ್ದರು. ಈ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿರಬೇಕಿತ್ತು. ನನಗೇ ಗೊತ್ತಾದದ್ದು ಓಡಲು ಶುರುಮಾಡಿದ ಮೇಲೆ.

ನನ್ನ ಗುರಿ ನಾಲ್ಕೂ ಮುಕ್ಕಾಲು ಗಂಟೆ. ಅಂದರೆ ಕಿಲೋಮೀಟರಿಗೆ 6 ನಿಮಿಷ 45 ಸೆಕೆಂಡ್. ಆದರೆ ಶುರುವಿನಲ್ಲಿ ಹಾಗಿರಲಿಲ್ಲ. ಕಳೆದ ವರ್ಷ ಹಾಫ್ ಮ್ಯಾರಥಾನ್ ಮುಗಿಸಿದ್ದ ಹುಮ್ಮಸ್ಸಿನಲ್ಲಿ, ಆಗಸ್ಟ್‌ನಲ್ಲಿ ಪ್ರತಿದಿನವೂ ಹಿಂದಿನ ದಿನಕ್ಕಿಂತ ಜೋರಾಗಿ ಓಡುತ್ತಿದ್ದೆ. ಆರನೇ ವಾರಕ್ಕೆ ಎಡಗಾಲಿನ ಮುಂಭಾಗದ ಮೂಳೆ, ಓಡುವವರು 'ಶಿನ್' ಅನ್ನುವ ಕಡೆ, ಮುಟ್ಟಿದರೆ ಜೀವ ಹೋಗುವಷ್ಟು ನೋವು. ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಫಿಸಿಯೋಥೆರಪಿಸ್ಟ್ ಕಾಲು ಒತ್ತಿ ನೋಡಿ ಮೂರು ವಾರ ಓಟ ಬೇಡ ಅಂದರು. ಅವರು ಹೇಳಿದ ಒಂದು ಮಾತು ನನ್ನ ಇಡೀ ತಯಾರಿಯನ್ನೇ ತಿರುಗಿಸಿತು. ಎದೆ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಓಟಕ್ಕೆ ಹೊಂದಿಕೊಳ್ಳುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಟ್ಟಲೆ ಬೇಕು. ಉಸಿರು 'ಹೋಗು' ಅನ್ನುತ್ತಿರುವಾಗ ಮೂಳೆ ಇನ್ನೂ ಸಿದ್ಧವಾಗಿರುವುದಿಲ್ಲ.

ಅಲ್ಲಿಂದಾಚೆಗೆ ನಾನು ಕಲಿತದ್ದೆಲ್ಲ ನಿಧಾನ. ಎಷ್ಟು ನಿಧಾನ ಅಂದರೆ, ಓಡುತ್ತಲೇ ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತು ಅಂತ ಅರ್ಥ. ಕೈಗಡಿಯಾರಕ್ಕಿಂತ ಇದು ಸರಿಯಾದ ಅಳತೆ ಅಂತ ಈಗ ನಂಬಿದ್ದೇನೆ. ಜಗತ್ತಿನ ದೊಡ್ಡ ಓಟಗಾರರೂ ತಮ್ಮ ತರಬೇತಿಯ ಹೆಚ್ಚಿನ ಪಾಲನ್ನು ತಮಗೆ ಹಗುರ ಅನ್ನಿಸುವ ವೇಗದಲ್ಲೇ ಓಡುತ್ತಾರೆ.

ಆದರೆ ಮಾತಾಡಿಕೊಂಡು ಓಡಬೇಕಾದರೆ ಜೊತೆಗೆ ಯಾರಾದರೂ ಬೇಕಲ್ಲ. ಹಾಗೆ ನನ್ನ ಹೆಂಡತಿ ಬಂದಳು, ಸ್ಕೂಟರ್ ಮೇಲೆ.

ಭಾನುವಾರ ಬೆಳಿಗ್ಗೆ ಐದಕ್ಕೆ ಸತ್ಯಮಂಗಲದ ಕೈಗಾರಿಕಾ ಪ್ರದೇಶ ಬೇರೆಯದೇ ಊರು. ವಾರವಿಡೀ ಲಾರಿ, ಟೆಂಪೊ, ಶಿಫ್ಟ್ ಬಸ್‌ಗಳಿಂದ ನಡುಗುವ ರಸ್ತೆ ಆಗ ಮಲಗಿರುತ್ತದೆ. ಮೊದಲ ವಾರ ಒಂದು ಗೇಟಿನ ವಾಚ್‌ಮನ್ ಓಡಿ ಬಂದು, "ಏನಾಯ್ತು ಸಾರ್, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?" ಅಂತ ಲಾಠಿ ಹಿಡಿದೇ ಕೇಳಿದ್ದರು. ಈಗ ಅವರೇ ನೀರು ತುಂಬಿಸಿ ಕೊಡುತ್ತಾರೆ. ನಾಯಿಗಳ ಪರಿಚಯಕ್ಕೆ ಒಂದು ತಿಂಗಳೂ ಹಲವು ಪ್ಯಾಕೆಟ್ ಬಿಸ್ಕತ್ತೂ ಬೇಕಾದವು.

ಅವಳ ಸ್ಕೂಟರ್ ನನ್ನ ಬಲಕ್ಕೆ. ಗಂಟೆಗೆ ಒಂಬತ್ತು ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ಸ್ಕೂಟರ್ ನೆಟ್ಟಗೆ ನಿಲ್ಲುವುದಿಲ್ಲ. ಅವಳು ಎರಡೂ ಕಾಲನ್ನು ಕೆಳಗೆ ಬಿಟ್ಟು, ಚಪ್ಪಲಿ ತುದಿಯಲ್ಲಿ ರಸ್ತೆಯನ್ನು ತಟ್ಟುತ್ತಾ, ಹ್ಯಾಂಡಲ್ಲನ್ನು ಆ ಕಡೆ ಈ ಕಡೆ ಸಣ್ಣಗೆ ಆಡಿಸುತ್ತಾ ಬರುತ್ತಾಳೆ. ಎಂಜಿನ್ ಗುರ್ ಅಂದು, ತಗ್ಗಿ, ಮತ್ತೆ ಗುರ್ ಅನ್ನುತ್ತದೆ. ಡಿಕ್ಕಿಯಲ್ಲಿ ಪಾನಕದ ಎರಡು ಬಾಟಲಿ, ಟವೆಲ್ಲು, ನಾಲ್ಕು ಯಾಲಕ್ಕಿ ಬಾಳೆಹಣ್ಣು. ಸೀಟಿನ ಮುಂದಿನ ಕೊಕ್ಕೆಗೆ ನೇತುಹಾಕಿದ ಬ್ಯಾಗಿನಲ್ಲಿ ಟಾರ್ಚು. ಸ್ಕೂಟರಿನ ಬೆಳಕು ನನ್ನ ಮುಂದೆ ಹತ್ತಡಿ ಬೀಳುತ್ತದೆ. ನಾನು ಅದರೊಳಗೇ ಓಡುತ್ತೇನೆ.

ಮೊದಮೊದಲು ಅವಳು, "ಏನಾದ್ರೂ ಮಾತಾಡ್ರೀ, ಮಾತು ಬರುತ್ತೋ ಇಲ್ವೋ ನೋಡೋಣ" ಅನ್ನುತ್ತಿದ್ದಳು. ಏನು ಮಾತಾಡುವುದು? ಹದಿನೇಳು ವರ್ಷದ ಸಂಸಾರದಲ್ಲಿ ಫಸ್ಟ್ ಶಿಫ್ಟ್, ಸೆಕೆಂಡ್ ಶಿಫ್ಟ್, ನೈಟ್ ಶಿಫ್ಟ್ ಅಂತ ವಾರಕ್ಕೊಂದು ಗಡಿಯಾರದಲ್ಲಿ ಬದುಕಿದವರು ನಾವು. ನಾನು ಬಂದಾಗ ಅವಳು ಮಲಗಿರುತ್ತಿದ್ದಳು, ಅವಳು ಎದ್ದಾಗ ನಾನು. ಮನೆಯಲ್ಲಿ ಆಡುತ್ತಿದ್ದ ಮಾತೆಲ್ಲ ಗ್ಯಾಸ್ ಸಿಲಿಂಡರ್, ಸ್ಕೂಲ್ ಫೀಸು, ನೀರಿನ ಮೋಟರು. ಈಗ ಭಾನುವಾರ ಎರಡು ಗಂಟೆ, ಎರಡೂವರೆ ಗಂಟೆ ಅವಳು ಮಾತಾಡುತ್ತಾಳೆ, ನಾನು ಉತ್ತರ ಕೊಡುತ್ತೇನೆ, ವಾಕ್ಯ ತುಂಡಾಗದ ಹಾಗೆ. ಅವಳ ಅಣ್ಣ ತೋಟ ಮಾರಬೇಕೆಂದಿರುವುದು, ಮಗಳು ಪಿಯುಸಿಯಲ್ಲಿ ಸೈನ್ಸ್ ಬೇಡ ಅಂತ ನನಗೆ ಹೇಳಲು ಹೆದರಿ ಅಮ್ಮನಿಗೆ ಹೇಳಿದ್ದು, ಇವೆಲ್ಲ ನನಗೆ ತಿಳಿದದ್ದು ಹತ್ತನೇ ಮತ್ತು ಹದಿನೈದನೇ ಕಿಲೋಮೀಟರಿನ ನಡುವೆ. ಮಗಳ ಮಾತು ಕೇಳಿ ವೇಗ ಹೆಚ್ಚಾಯಿತು. "ನಿಧಾನ" ಅಂದಳು. ನಿಧಾನಿಸಿದೆ. ಸಿಟ್ಟೂ ನಿಧಾನವಾಯಿತು.

ಊಟದ ವಿಷಯದಲ್ಲಿ ನಾವು ತಿಳಿದದ್ದೆಲ್ಲ ತಪ್ಪು ಮಾಡಿಯೇ. ರಾಗಿ ತಿಂದರೆ ಶಕ್ತಿ, ಸರಿ. ಆದರೆ ಶನಿವಾರ ರಾತ್ರಿ ಎರಡು ಮುದ್ದೆ, ಅವರೆಕಾಳು ಸಾರು ಉಂಡು ಬೆಳಿಗ್ಗೆ ಇಪ್ಪತ್ತು ಕಿಲೋಮೀಟರಿಗೆ ಹೊರಟರೆ ಹೊಟ್ಟೆ ಬಿಡುವುದಿಲ್ಲ, ನಾರಿನಂಶ ಅಷ್ಟಿದೆ. ಈಗ ಮುದ್ದೆ ಮಧ್ಯಾಹ್ನಕ್ಕೆ, ರಾತ್ರಿ ಅನ್ನ, ತಿಳಿಸಾರು. ದಾರಿಯಲ್ಲಿ ಪಾನಕ: ಬೆಲ್ಲ, ನಿಂಬೆಹಣ್ಣು, ಚಿಟಿಕೆಗಿಂತ ಸ್ವಲ್ಪ ಹೆಚ್ಚು ಉಪ್ಪು. ರಾಮನವಮಿಗೆ ಕುಡಿಯುತ್ತಿದ್ದ ಪಾನಕಕ್ಕೂ, ಅಂಗಡಿಯಲ್ಲಿ ದುಬಾರಿ ಬೆಲೆಗೆ ಸಿಗುವ ಓಟಗಾರರ ಪಾನೀಯಕ್ಕೂ ಮೂಲ ಒಂದೇ: ಸಕ್ಕರೆ, ಉಪ್ಪು, ನೀರು. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಪ್ರಾಣಕ್ಕೇ ಸಂಚಕಾರ ಬರಬಹುದು ಅನ್ನುವುದು ಮಾತ್ರ ಎಲ್ಲರೂ ತಿಳಿದಿರಬೇಕಾದ ಸಂಗತಿ.

ಆ ಉಪ್ಪು, ನೀರು ಮೈಯಿಂದ ಹೋಗುವುದು ಬೆವರಿನಲ್ಲಿ. ಬೆವರು ಅಂದಾಗ ಕುಣಿಗಲ್ ನೆನಪಾಗುತ್ತದೆ. ಅಲ್ಲಿನ ಕುದುರೆ ಫಾರಂನ ಬೇಲಿಯಾಚೆ ಮರಿಗಳು ತಾಯಿಯ ಪಕ್ಕದಲ್ಲಿ ಓಡುವುದನ್ನು ಚಿಕ್ಕಂದಿನಲ್ಲಿ ನಿಂತು ನೋಡಿದ್ದೇನೆ. ಮೈಯೆಲ್ಲ ಬೆವರಿ ತಂಪು ಮಾಡಿಕೊಳ್ಳುವ ಪ್ರಾಣಿಗಳು ಕಡಿಮೆ. ಕುದುರೆ ಒಂದು, ಮನುಷ್ಯ ಒಂದು. ದೂರ ಓಡುವ ನಮ್ಮ ಶಕ್ತಿಯ ಗುಟ್ಟು ದೊಡ್ಡ ಪಾಲು ಅಲ್ಲೇ ಇದೆ. ಆದರೆ ಬೆವರು ಸುಮ್ಮನೆ ಬಂದರೆ ಸಾಲದು, ಆರಬೇಕು. ಡಿಸೆಂಬರಿನ ತುಮಕೂರಿನ ಒಣ ಚಳಿಯಲ್ಲಿ ಆರುತ್ತದೆ. ಸಮುದ್ರದ ಪಕ್ಕದ ಮುಂಬೈಯಲ್ಲಿ ಜನವರಿಯಲ್ಲೂ ಅಷ್ಟು ಸುಲಭವಾಗಿ ಆರುವುದಿಲ್ಲ. ಇಲ್ಲಿ ಹಗುರ ಅನ್ನಿಸಿದ ವೇಗ ಅಲ್ಲಿ ಭಾರವಾಗುತ್ತದೆ ಅಂತ ಓಡಿ ಬಂದವರೆಲ್ಲ ಹೇಳುತ್ತಾರೆ. ಅದೂ ಅಲ್ಲದೆ ಕೊನೆಯ ಹತ್ತು ಕಿಲೋಮೀಟರಿನಲ್ಲಿ ಪೆಡ್ಡರ್ ರೋಡ್ ಏರು ಕಾದಿರುತ್ತದೆ. ಅದಕ್ಕಾಗಿ ಬೆಳಗುಂಬದ ಆಚೆ ನಾಮದ ಚಿಲುಮೆ ಕಡೆಯ ಏರುರಸ್ತೆಯಲ್ಲಿ ಓಡಿದ್ದೇನೆ, ಚೆನ್ನಾಗಿ ಬಿಸಿಲು ಬಿದ್ದ ಮೇಲೆ ಮಾತ್ರ. ಆ ರಸ್ತೆ ಹಾದುಹೋಗುವ ದೇವರಾಯನದುರ್ಗದ ಕಾಡಿನಲ್ಲಿ ಚಿರತೆ, ಕರಡಿ ಇವೆ. ನಸುಕು ಅವುಗಳ ಹೊತ್ತು.

ವಾರದ ದಿನಗಳ ಓಟದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ನಾಲ್ಕು ದಿನ, ಆರರಿಂದ ಹತ್ತು ಕಿಲೋಮೀಟರ್, ಶಿಫ್ಟ್ ನೋಡಿಕೊಂಡು. ಸೆಕೆಂಡ್ ಶಿಫ್ಟ್ ವಾರ ಅಮಾನಿಕೆರೆಯ ವಾಕಿಂಗ್ ಪಥದಲ್ಲಿ. ನೈಟ್ ಶಿಫ್ಟ್ ವಾರ ನಿದ್ದೆಯೇ ತರಬೇತಿ.

ಇನ್ನು ಮೂವತ್ತೆರಡು ಕಿಲೋಮೀಟರಿನ ಭಾನುವಾರ. ಮ್ಯಾರಥಾನಿಗೆ ಮೂರು ವಾರ ಮೊದಲು ಎಲ್ಲಕ್ಕಿಂತ ಉದ್ದದ ಓಟ, 'ಲಾಂಗ್ ರನ್', ಓಡಿ ಮುಗಿಸಬೇಕು. ಬಿ.ಎಚ್. ರಸ್ತೆ, ಅಂದರೆ ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹಳೆಯ ಹೆದ್ದಾರಿ ಹಿಡಿದು, ಹೆಗ್ಗೆರೆ, ಮಲ್ಲಸಂದ್ರ ದಾಟಿ ಗುಬ್ಬಿ ದಿಕ್ಕಿಗೆ ಹದಿನಾರು, ವಾಪಸ್ ಹದಿನಾರು. ಹೆದ್ದಾರಿಯಲ್ಲಿ ಅವಳು ಪಕ್ಕದಲ್ಲಿ ಬರುವ ಹಾಗಿಲ್ಲ. ನಾನು ಎದುರಿನ ವಾಹನ ಕಾಣುವಂತೆ ಬಲಬದಿಯ ಮಣ್ಣಿನಲ್ಲಿ, ಮಿಂಚುವ ಜಾಕೆಟ್ ಹಾಕಿ. ಅವಳು ಎರಡೆರಡು ಕಿಲೋಮೀಟರ್ ಮುಂದೆ ಹೋಗಿ ಕಾಯುವುದು. ಮಂಜು ಎಷ್ಟಿತ್ತೆಂದರೆ ತೆಂಗಿನ ತೋಟಗಳ ಬುಡ ಮಾತ್ರ ಕಾಣುತ್ತಿತ್ತು, ಗರಿ ಇಲ್ಲ.

ಇಪ್ಪತ್ತೇಳನೇ ಕಿಲೋಮೀಟರಿನ ತನಕ ಎಲ್ಲ ಸರಿ ಇತ್ತು. ನಮ್ಮ ಸ್ನಾಯು, ಲಿವರ್‌ಗಳು ಕೂಡಿಟ್ಟುಕೊಳ್ಳುವ ಸಕ್ಕರೆಯ ಶಕ್ತಿ ಸುಮಾರು ಎರಡು ಸಾವಿರ ಕ್ಯಾಲೊರಿ. ಒಂದು ಕಿಲೋಮೀಟರಿಗೆ ಮೈತೂಕದ ಕಿಲೋಗೊಂದು ಕ್ಯಾಲೊರಿಯಂತೆ ಖರ್ಚು. ನನ್ನದು 68 ಕಿಲೋ. ನೀವೇ ಲೆಕ್ಕ ಹಾಕಿ, ಮೂವತ್ತರ ಹತ್ತಿರ ಕಣಜ ಖಾಲಿ. ನಿಧಾನವಾಗಿ ಓಡಿ ಮೈಗೆ ಕೊಬ್ಬನ್ನು ಉರಿಸುವುದನ್ನು ಕಲಿಸಿದಷ್ಟೂ ಆ ಕಣಜ ಇನ್ನಷ್ಟು ದೂರ ಬರುತ್ತದೆ. ಇದನ್ನೆಲ್ಲ ಓದಿಕೊಂಡಿದ್ದೆ. ಆದರೆ ಆ ದಿನ ಮಲ್ಲಸಂದ್ರದ ಈಚೆ ಬೆರಳ ತುದಿ ತಣ್ಣಗಾಗಿ, ತೊಡೆ ಕಲ್ಲಾಗಿ, ಮನೆಯ ವಿಳಾಸ ಕೇಳಿದ್ದರೂ ಯೋಚಿಸಿ ಹೇಳಬೇಕಾದ ಸ್ಥಿತಿ ಬಂದಾಗ ಓದಿದ್ದು ಯಾವುದೂ ನೆನಪಿರಲಿಲ್ಲ.

ಅವಳು ದೂರದಿಂದಲೇ ನನ್ನ ನಡಿಗೆ ನೋಡಿ ತಿಳಿದುಕೊಂಡಳು. ಸ್ಕೂಟರ್ ಸ್ಟ್ಯಾಂಡ್ ಹಾಕಿ ಎದುರಿಗೆ ಬಂದಳು. ಬಾಟಲಿಯ ಮುಚ್ಚಳದಲ್ಲಿ ಪಾನಕ ಸುರಿದು ಒಂದೊಂದೇ ಗುಟುಕು ಕೊಡುತ್ತಾ, ಅದೇ ಚಪ್ಪಲಿಯಲ್ಲಿ, ಹೆದ್ದಾರಿಯ ಮಣ್ಣಿನ ಅಂಚಿನಲ್ಲಿ ನನ್ನ ಜೊತೆ ನಡೆದಳು. ಲಾರಿ ಬಂದಾಗಲೆಲ್ಲ ಟವೆಲ್ಲು ಮುಖಕ್ಕೆ ಹಿಡಿದಳು, ತನ್ನದಕ್ಕಲ್ಲ, ನನ್ನದಕ್ಕೆ. ಐದಾರು ನಿಮಿಷ. ಆಮೇಲೆ, "ಈಗ ಮಾತಾಡಿ" ಅಂದಳು. ಮಗಳ ಹೆಸರು ಹೇಳಿದೆ. "ಆರ್ಟ್ಸ್‌ಗೇ ಸೇರಿಸೋಣ" ಅಂದೆ. ವಾಕ್ಯ ತುಂಡಾಗಲಿಲ್ಲ. ಮತ್ತೆ ಓಡಿದೆ.

ಈಗ 'ಟೇಪರ್' ವಾರಗಳು. ಓಟ ಇಳಿಸಿ, ಸವೆದ ಮೈಯನ್ನು ಸರಿಪಡಿಸಿಕೊಳ್ಳುವ ಕಾಲ. ಕಡಿಮೆ ಓಡುವುದು ಹೆಚ್ಚು ಓಡುವುದಕ್ಕಿಂತ ಕಷ್ಟ. ಕಾಲು ಚಡಪಡಿಸುತ್ತದೆ, ಇಲ್ಲದ ನೋವು ಇದ್ದಂತೆ ಅನ್ನಿಸುತ್ತದೆ. ಕಳೆದ ಭಾನುವಾರ ಅಲಾರಂ ಇಲ್ಲದೆ ನಾಲ್ಕೂಕಾಲಿಗೆ ಎಚ್ಚರವಾಯಿತು. ಅಡುಗೆಮನೆಯಲ್ಲಿ ಆಗಲೇ ದೀಪ ಉರಿಯುತ್ತಿತ್ತು. ಬೆಲ್ಲ ಕುಟ್ಟುವ ಸದ್ದು.

ಹನ್ನೆರಡೇ ಕಿಲೋಮೀಟರ್. ಬೆಳಕು ಹರಿಯುವ ಹೊತ್ತಿಗೆ ಮುಗಿದುಹೋಯಿತು. ವಾಚ್‌ಮನ್‌ಗೆ ಕೈ ಎತ್ತಿ, ಸ್ಕೂಟರಿನ ಹಿಂದೆ ಕೂರಲು ಹೋದೆ. ಅವಳು ಜಾಗ ಬಿಡಲಿಲ್ಲ. ಅವಳ ಅಣ್ಣನ ತೋಟದ ಕಥೆ ಅರ್ಧಕ್ಕೆ ನಿಂತಿತ್ತು.

"ಇನ್ನೊಂದು ರೌಂಡ್ ಹಾಕ್ರೀ, ಮಾತು ಮುಗಿದಿಲ್ಲ" ಅಂದಳು.

ಓಡುವ ಹಾಗಿರಲಿಲ್ಲ. ಅವಳು ಎಂಜಿನ್ ಆಫ್ ಮಾಡಿ ಕೆಳಗಿಳಿದಳು. ನಾನು ಸ್ಕೂಟರ್ ತಳ್ಳಿದೆ, ಅವಳು ಬಾಳೆಹಣ್ಣು ಸುಲಿದಳು, ಇಬ್ಬರೂ ನಡೆದೆವು.