ಹುಡುಕಾಟದ ಮೊದಲ ಪುಟ ಮತ್ತು ಅವಧಿ ಮುಗಿದ ನಂಬಿಕೆಗಳು

ಸಣ್ಣ ವ್ಯಾಪಾರದ ಜಾಲತಾಣವೊಂದು ಗೂಗಲ್‌ನಂಥ ಸರ್ಚ್ ಇಂಜಿನ್‌ಗಳಲ್ಲಿ ಮೇಲಿನ ಸಾಲಿಗೆ ಬರುವುದು ಹೇಗೆ ಎಂಬ ಬಗ್ಗೆ ಚಾಲ್ತಿಯಲ್ಲಿರುವ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಹುಟ್ಟಿನಿಂದ ಸುಳ್ಳಾದವಲ್ಲ. ಒಂದು ಕಾಲಕ್ಕೆ ನಿಜವೇ ಆಗಿದ್ದು, ತಂತ್ರಜ್ಞಾನ ಮುಂದೆ ಸಾಗಿದ ಮೇಲೂ ಬಾಯಿಂದ ಬಾಯಿಗೆ ದಾಟಿ ಉಳಿದುಕೊಂಡವು. ಆದ್ದರಿಂದ ಅವನ್ನು ಸುಳ್ಳೆಂದು ತಳ್ಳಿಹಾಕಿದರೆ ಸಾಲದು, ಅವು ಯಾವಾಗ ಮತ್ತು ಏಕೆ ಸುಳ್ಳಾದವು ಎಂಬುದನ್ನೂ ನೋಡಬೇಕಾಗುತ್ತದೆ. ಚನ್ನಪಟ್ಟಣದಲ್ಲಿ ಆಲೆ ಮರದ ಗೊಂಬೆಗಳಿಗೆ ಅರಗಿನ ಬಣ್ಣ ಕೊಟ್ಟು ಮಾರುವ ಅಂಗಡಿಯೊಂದರ ಜಾಲತಾಣವನ್ನು ಈ ಚರ್ಚೆಗೆ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು.

ಕೀವರ್ಡ್, ಅಂದರೆ ಗ್ರಾಹಕರು ಹುಡುಕುವಾಗ ಬಳಸುವ ಪದ, ಜಾಲತಾಣದಲ್ಲಿ ಎಷ್ಟು ಹೆಚ್ಚು ಸಲ ಬಂದರೆ ಅಷ್ಟು ಒಳ್ಳೆಯದು ಎಂಬುದು ಈ ನಂಬಿಕೆಗಳಲ್ಲಿ ಅತ್ಯಂತ ಗಟ್ಟಿಮುಟ್ಟಾದದ್ದು. 1990ರ ದಶಕದಲ್ಲಿ ಅಲ್ಟಾವಿಸ್ಟಾ, ಇನ್ಫೋಸೀಕ್ ಮುಂತಾದ ಸರ್ಚ್ ಇಂಜಿನ್‌ಗಳು ಪುಟದ ಸಂಕೇತಭಾಗದಲ್ಲಿ ಓದುಗರ ಕಣ್ಣಿಗೆ ಬೀಳದಂತೆ ಬರೆದಿಡುವ ಕೀವರ್ಡ್ ಮೆಟಾ ಟ್ಯಾಗ್ ಎಂಬ ಪದಪಟ್ಟಿಯನ್ನು ಓದುತ್ತಿದ್ದವು. ಪಟ್ಟಿಗೆ ಏನು ಸೇರಿಸಿದರೂ ಕೇಳುವವರಿಲ್ಲವಾದ್ದರಿಂದ ಸಂಬಂಧವಿಲ್ಲದ ಜನಪ್ರಿಯ ಪದಗಳೂ ಅಲ್ಲಿ ತುಂಬಿಕೊಂಡು, ಆ ಪಟ್ಟಿಯ ವಿಶ್ವಾಸಾರ್ಹತೆಯೇ ಹೋಯಿತು. ತನ್ನ ಶ್ರೇಣೀಕರಣದಲ್ಲಿ ಈ ಪಟ್ಟಿಯನ್ನು ಬಳಸುವುದಿಲ್ಲವೆಂದು ಗೂಗಲ್ 2009ರ ಸೆಪ್ಟೆಂಬರ್‌ನಲ್ಲೇ ಬಹಿರಂಗವಾಗಿ ಹೇಳಿತ್ತು. ಪಟ್ಟಿ ಮೂಲೆಗೆ ಸರಿದ ಮೇಲೂ ಅಭ್ಯಾಸ ಸಾಯದೆ ಪುಟದ ಒಡಲಿಗೆ ಇಳಿಯಿತು. "ಚನ್ನಪಟ್ಟಣ ಗೊಂಬೆ ಬೇಕಾದವರು ಚನ್ನಪಟ್ಟಣ ಗೊಂಬೆಗಾಗಿ ನಮ್ಮ ಚನ್ನಪಟ್ಟಣ ಗೊಂಬೆ ಅಂಗಡಿಗೆ ಬನ್ನಿ" ಎಂಬಂಥ ವಾಕ್ಯಗಳು ಈ ಅಭ್ಯಾಸದ ಕೂಸುಗಳು. ಅವು ಓದುವವರಿಗೆ ಹಿಂಸೆಯಷ್ಟೇ ಅಲ್ಲ, ಗೂಗಲ್‌ನ ನಿಯಮಾವಳಿಯಲ್ಲಿ ಸ್ಪ್ಯಾಮ್ ಎಂದೇ ಪರಿಗಣಿತವಾಗಿವೆ. ಬಣ್ಣವನ್ನು ಮಗು ಬಾಯಿಗಿಟ್ಟರೆ ಅಪಾಯವಿದೆಯೇ, ಗಿಲಕಿ ಎಷ್ಟು ತಿಂಗಳ ಕೂಸಿಗೆ ಸೂಕ್ತ, ಅಂಚೆಯಲ್ಲಿ ಕಳಿಸಿದರೆ ಎಷ್ಟು ದಿನ ಹಿಡಿಯುತ್ತದೆ ಎಂದು ಅಂಗಡಿಯ ಕಟ್ಟೆಯ ಮುಂದೆ ನಿಂತ ಗಿರಾಕಿ ದಿನವೂ ಕೇಳುವ ಪ್ರಶ್ನೆಗಳಿಗೆ ನೇರ ಉತ್ತರ ಬರೆದ ಪುಟದಲ್ಲಿ ಬೇಕಾದ ಪದಗಳು ತಾವಾಗಿಯೇ ಬಂದಿರುತ್ತವೆ. ಇದರ ಜೊತೆಗೆ, ಹುಡುಕಾಟದ ಫಲಿತಾಂಶದಲ್ಲಿ ಸಾಮಾನ್ಯವಾಗಿ ದೊಡ್ಡಕ್ಷರದಲ್ಲಿ ಕಾಣಿಸುವ ಪುಟಶೀರ್ಷಿಕೆಯನ್ನು ಬರಿದೆ "ಮುಖಪುಟ" ಎಂದು ಬಿಡದೆ "ಆಲೆ ಮರದ ಗಿಲಕಿಗಳು, ಚನ್ನಪಟ್ಟಣ" ಎಂದು ಬರೆಯುವುದು ಐದು ನಿಮಿಷದ ಕೆಲಸ. ಆದರೂ ಅದು ಬಹಳ ಕಡೆ ಆಗಿರುವುದಿಲ್ಲ.

ಬೇರೆ ಜಾಲತಾಣಗಳಿಂದ ಬರುವ ಕೊಂಡಿಗಳನ್ನು ನೂರರ ಲೆಕ್ಕದಲ್ಲಿ ಕೊಂಡರೆ ಸ್ಥಾನ ಏರುತ್ತದೆ ಎಂಬ ನಂಬಿಕೆಯ ಬೇರು ಗೂಗಲ್‌ನ ಮೂಲದಲ್ಲೇ ಇದೆ. ವಿದ್ವಾಂಸರು ಪರಸ್ಪರರ ಪ್ರಬಂಧಗಳನ್ನು ಉಲ್ಲೇಖಿಸುವಂತೆ ಒಂದು ಪುಟ ಇನ್ನೊಂದಕ್ಕೆ ಕೊಡುವ ಕೊಂಡಿಯೂ ಒಂದು ಶಿಫಾರಸು ಎಂಬ ಆಧಾರದ ಮೇಲೆ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪೇಜ್‌ರ‍್ಯಾಂಕ್ ಎಂಬ ಲೆಕ್ಕಾಚಾರವನ್ನು ರೂಪಿಸಿದ್ದರು. ಶಿಫಾರಸಿಗೆ ಬೆಲೆ ಬಂದ ಮೇಲೆ ಅದರ ಮಾರಾಟ ಶುರುವಾಗುವುದು ಲೋಕಾರೂಢಿ. ಹಾಗೆ ಮಾರಾಟಕ್ಕಿಳಿದ ಕೊಂಡಿಗಳನ್ನು ಗುರಿಯಾಗಿಸಿ 2012ರ ಏಪ್ರಿಲ್‌ನಲ್ಲಿ ಬಂದ ಪೆಂಗ್ವಿನ್ ಎಂಬ ಬದಲಾವಣೆಯು ಅವುಗಳನ್ನು ನೆಚ್ಚಿದ್ದ ಅನೇಕ ಜಾಲತಾಣಗಳನ್ನು ಕೆಳಗಿಳಿಸಿತು. ಗೊಂಬೆ ತರಿಸಿಕೊಂಡ ಶಾಲೆಯೊಂದು ತನ್ನ ಜಾಲತಾಣದಲ್ಲಿ ಅಂಗಡಿಯ ಹೆಸರಿಗೆ ಕೊಡುವ ಒಂದೇ ಕೊಂಡಿಯು ಹಣ ಕೊಟ್ಟು ತಂದ ಐನೂರಕ್ಕಿಂತ ತೂಕದ್ದಾಗಿರಲು ಸಾಧ್ಯ.

ಜಾಹೀರಾತಿಗೆ ಹಣ ಕೊಟ್ಟರೆ ಸಹಜ ಫಲಿತಾಂಶದಲ್ಲೂ ಮೇಲೇರಬಹುದು ಎಂಬ ಕಲ್ಪನೆಗೂ ಪೂರ್ವೇತಿಹಾಸವಿದೆ: 1998ರಲ್ಲಿ ಆರಂಭವಾದ ಗೋಟು ಡಾಟ್ ಕಾಮ್ ಎಂಬ ಸರ್ಚ್ ಇಂಜಿನ್ ತನ್ನ ಫಲಿತಾಂಶದ ಸ್ಥಾನಗಳನ್ನೇ ಹರಾಜು ಹಾಕುತ್ತಿತ್ತು. 2000ದಲ್ಲಿ ಜಾಹೀರಾತು ಸೇವೆ ಆರಂಭಿಸಿದ ಗೂಗಲ್ ಈ ಎರಡನ್ನೂ ಬೇರೆಯಾಗಿಟ್ಟಿದ್ದು, ಜಾಹೀರಾತಿನ ಹಣವು ಸಹಜ ಶ್ರೇಣಿಯ ಮೇಲೆ ಪರಿಣಾಮ ಬೀರುವುದಿಲ್ಲವೆಂದು ಹೇಳುತ್ತದೆ. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂಬ ಎಚ್ಚರಿಕೆಯನ್ನೂ ಅದೇ ಕೊಟ್ಟಿದೆ. ವಾಸ್ತವದಲ್ಲಿ ಎಲ್ಲರಿಗೂ ಸಮಾನವಾದ "ಮೊದಲ ಸ್ಥಾನ" ಎಂಬುದೇ ಇಲ್ಲ. ಅಂಗಡಿಗಳ ಹುಡುಕಾಟದಲ್ಲಿ ಪ್ರಸ್ತುತತೆ, ದೂರ ಮತ್ತು ಹೆಸರುವಾಸಿ ಎಂಬ ಮೂರು ಅಂಶಗಳನ್ನು ಗೂಗಲ್ ಪ್ರಧಾನವಾಗಿ ಪರಿಗಣಿಸುವುದರಿಂದ, ಮಾಲೀಕರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಹುಡುಕಿದಾಗ ಮೇಲೆ ಕಂಡ ಅಂಗಡಿ ಕಲಬುರಗಿಯ ಗಿರಾಕಿಗೆ ಕಾಣದೆಯೇ ಹೋಗಬಹುದು. ಉಚಿತವಾಗಿ ದೊರೆಯುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ವಿಳಾಸ, ತೆರೆಯುವ ವೇಳೆ, ರಜೆಯ ದಿನಗಳನ್ನು ಸರಿಯಾಗಿ ನಮೂದಿಸುವುದು ಇಲ್ಲಿ ಹೆಚ್ಚು ಉಪಯುಕ್ತ. ಅಂಗಡಿಯ ಹೆಸರಿಗೆ "ಅತ್ಯುತ್ತಮ ಗೊಂಬೆ ಅಂಗಡಿ" ಎಂಬ ಬಾಲಂಗೋಚಿ ಸೇರಿಸುವುದು ನಿಯಮಬಾಹಿರ.

ಜಾಲತಾಣವನ್ನು ಪ್ರತಿ ತಿಂಗಳು ಸರ್ಚ್ ಇಂಜಿನ್‌ಗಳಿಗೆ "ಸಲ್ಲಿಸಬೇಕು" ಎಂಬ ಮಾತಿಗೆ ಹೆಚ್ಚು ಜಾಗ ಬೇಕಿಲ್ಲ. ಕೊಂಡಿಗಳ ಜಾಡು ಹಿಡಿದು ಪುಟಗಳನ್ನು ಓದುತ್ತ ಹೋಗುವ ಕ್ರಾಲರ್ ಎಂಬ ತಂತ್ರಾಂಶ ತಾನಾಗಿಯೇ ಬರುತ್ತದೆ. ಅದಕ್ಕೆ ನೆರವಾಗಲು ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪನ್ನು ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆಯಲ್ಲಿ ಒಮ್ಮೆ ಕೊಟ್ಟರೆ ಸಾಕು.

ಕನ್ನಡ ಜಾಲತಾಣಗಳಿಗೆ ವಿಶಿಷ್ಟವಾದ ಇನ್ನೊಂದು ಕಲ್ಪನೆಯನ್ನು ಇಂಗ್ಲಿಷಿನ ಮಾರ್ಗದರ್ಶಿಗಳು ಪ್ರಸ್ತಾಪಿಸುವುದೇ ಇಲ್ಲ: ಪರದೆಯ ಮೇಲೆ ಕನ್ನಡ ಕಾಣಿಸಿದರೆ ಸರ್ಚ್ ಇಂಜಿನ್‌ಗೂ ಅದು ಕನ್ನಡವಾಗಿಯೇ ಕಾಣುತ್ತದೆ ಎಂಬುದು ಆ ಕಲ್ಪನೆ. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಖಚಿತ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ದೊರೆತಿದ್ದರೂ, ಡಿಟಿಪಿ ಕೇಂದ್ರಗಳಲ್ಲಿ ಹಳೆಯ ನುಡಿ ಫಾಂಟ್‌ಗಳ ಬಳಕೆ ಬಹುಕಾಲ ಮುಂದುವರಿಯಿತು. ಆ ಫಾಂಟ್‌ಗಳಲ್ಲಿ ಕನ್ನಡವೆಂಬುದು ರೋಮನ್ ಅಕ್ಷರಗಳಿಗೆ ತೊಡಿಸಿದ ವೇಷ ಮಾತ್ರ: "ಕನ್ನಡ" ಎಂಬ ಪದದ ನಡುವಿನ ನಕಾರವನ್ನು ಕಂಪ್ಯೂಟರ್ ಒಳಗೆ ಬ್ರಿಟಿಷ್ ಪೌಂಡ್ ಹಣದ ಗುರುತಾಗಿ ಇಟ್ಟುಕೊಂಡಿರುತ್ತದೆ. ಕರಪತ್ರಕ್ಕೆಂದು ಹಾಗೆ ಟೈಪು ಮಾಡಿಸಿದ ಬರಹವನ್ನೇ ಜಾಲತಾಣಕ್ಕೆ ಏರಿಸಿದರೆ ಕ್ರಾಲರ್‌ಗೆ ಸಿಗುವುದು ಅರ್ಥವಿಲ್ಲದ ಗುರುತುಗಳ ಸಾಲು. ದರಪಟ್ಟಿಯನ್ನು ಚಿತ್ರವಾಗಿ ಏರಿಸಿದಾಗಲೂ ಅದರಲ್ಲಿನ ಪದಗಳು ಪಠ್ಯವಾಗಿ ದೊರೆಯುವುದಿಲ್ಲ. ಪರೀಕ್ಷೆ ಸುಲಭ: ಪುಟದ ಒಂದು ಸಾಲನ್ನು ನಕಲಿಸಿ ಮೊಬೈಲಿನ ಸಂದೇಶದ ಚೌಕದಲ್ಲಿ ಅಂಟಿಸಿದಾಗ ಅದು ಕನ್ನಡವಾಗಿಯೇ ಉಳಿದರೆ ಯೂನಿಕೋಡ್, ಪೌಂಡ್ ಗುರುತುಗಳು ಎದ್ದು ಬಂದರೆ ಆ ಪುಟವನ್ನು ಹೊಸದಾಗಿ ಟೈಪು ಮಾಡಿಸಬೇಕು, ಇಲ್ಲವೇ ಪರಿವರ್ತಕ ತಂತ್ರಾಂಶದಿಂದ ಬದಲಿಸಿ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಿಕೊಳ್ಳಬೇಕು.