ಗಿಣ್ಣದ ಮೊದಲ ಪಾಲು ಕರುವಿಗೆ

ಜತ್ತ ಸೀಮೆಯ ಮನೆಗಳಲ್ಲಿ ಖಿಲಾರಿ ಆಕಳು ಈದರೆ ಗಿಣ್ಣದ ಪಾತ್ರೆ ಒಲೆಗೇರುತ್ತದೆ. ಆದರೆ ಆ ಹಾಲಿನ ಮೊದಲ ಹಕ್ಕು ಕರುವಿನದು. ಗರ್ಭದಲ್ಲಿರುವಾಗ ತಾಯಿಯ ರೋಗನಿರೋಧಕ ಶಕ್ತಿ ಕರುವಿಗೆ ಇಳಿಯುವುದಿಲ್ಲ. ಅದು ದೊರೆಯುವುದು ಗಿಣ್ಣದ ಹಾಲಿನಿಂದಲೇ. ಹುಟ್ಟಿ 24 ಗಂಟೆ ಕಳೆದರೆ ಕರುಳು ಅದನ್ನು ಹೀರಿಕೊಳ್ಳಲಾರದು. ಆದ್ದರಿಂದ ಎರಡು ಗಂಟೆಯೊಳಗೆ ಕುಡಿಸಲು ತೊಡಗಬೇಕು. 20 ಕಿಲೋ ತೂಗುವ ಕರುವಿಗೆ ಮೊದಲ ದಿನ 2 ಲೀಟರಾದರೂ ಸಲ್ಲಬೇಕು. ತಪ್ಪಿದರೆ ಭೇದಿಯೇ ಎಳೆಗರುವನ್ನು ಕೊಂಡೊಯ್ದೀತು.

ಗಬ್ಬದ ಆಕಳಿಗೆ ಖನಿಜ ಮಿಶ್ರಣ ತಿನ್ನಿಸಿದರೆ ತಾಮ್ರ, ಸೆಲೆನಿಯಂಗಳು ಹೊಟ್ಟೆಯೊಳಗಿನ ಕರುವಿಗೂ ಸಲ್ಲುತ್ತವೆ. ನಾಲ್ಕು ತಿಂಗಳು ತುಂಬಿದ ಮೇಲೆ ಕಾಲುಬಾಯಿ ರೋಗದ ಲಸಿಕೆ. ಹೆಣ್ಣುಗರುವಿಗೆ 4ರಿಂದ 8 ತಿಂಗಳೊಳಗೆ, ಕಂದು ಹಾಕಿಸುವ ಬ್ರುಸೆಲ್ಲೋಸಿಸ್ ತಡೆಯಲು, ಜೀವಮಾನದಲ್ಲಿ ಒಂದೇ ಸಲ ಲಸಿಕೆ. ಅಲ್ಲಿಯವರೆಗಿನ ಎಳೆತನಕ್ಕೆ ಮುಖ್ಯ ಕಾವಲು ಗಿಣ್ಣದ ಹಾಲೇ. ಕರು ಕುಡಿದು ಮಿಕ್ಕಿದ್ದು ಮನೆಯ ಮಕ್ಕಳಿಗಿರಲಿ.