ಇಟ್ಟಿಗೆಯ ಮೇಲೊಂದು ಇಟ್ಟಿಗೆ

ಹೊಳೆಯ ದಂಡೆಯಲ್ಲಿ ಆಡುವ ಮಕ್ಕಳನ್ನು ನೀವು ಕಂಡಿರಬಹುದು. ಪಾದದ ಮೇಲೆ ಹಸಿ ಮರಳನ್ನು ಒತ್ತಿ, ಅಂಗೈಯಿಂದ ತಟ್ಟಿ, ಪಾದವನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡರೆ ಅಲ್ಲೊಂದು ಗೂಡು ನಿಲ್ಲುತ್ತದೆ. ಗೂಡಿಗೊಂದು ಅಂಗಳ, ಅಂಗಳದ ಸುತ್ತ ಕಡ್ಡಿಗಳ ಬೇಲಿ, ಬೇಲಿಯಾಚೆ ನೀರಿನ ಕಾಲುವೆ. ಹೀಗೆಯೇ ಕಟ್ಟಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಅಲ್ಲಿ ಸೋಲು ಗೆಲವುಗಳ ಮಾತೂ ಇಲ್ಲ. ಕಟ್ಟುವುದೇ ಆಟ, ಕಟ್ಟಿದ್ದೇ ಬಹುಮಾನ.

ಮನುಷ್ಯನಷ್ಟೇ ಹಳೆಯದಾದ ಈ ಆಟವನ್ನು ಕಂಪ್ಯೂಟರಿನ ಪರದೆಯ ಮೇಲೆ ಆಡುವಂತೆ ಮಾಡಿದ ಒಂದು ಚಿಕ್ಕ ಸಂಸ್ಥೆಯ ಕಥೆ ಇದು. ಆಟದ ಹೆಸರು ಮೈನ್‌ಕ್ರಾಫ್ಟ್. ಸಂಸ್ಥೆಯ ಹೆಸರು ಮೊಜಾಂಗ್. ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮ್ ಅದರ ನೆಲೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ನಾನೂ ಪರದೆಯ ಆಟಗಳನ್ನು ಬರಿಯ ಕಾಲಹರಣವೆಂದೇ ಎಣಿಸಿದ್ದೆ. ಆದರೆ ಆಟವನ್ನು ಆಡುವುದು ಒಂದು, ಆಟವನ್ನು ಕಟ್ಟುವುದು ಇನ್ನೊಂದು. ಕಟ್ಟುವವನ ಕಷ್ಟಸುಖಗಳನ್ನು ಅರಿತಾಗ, ಸ್ವಾತಂತ್ರ್ಯವೆಂಬ ಮಾತಿನ ಅರ್ಥವೇ ಇನ್ನಷ್ಟು ವಿಶದವಾಗುತ್ತದೆ.

ವಿಡಿಯೋ ಆಟಗಳ ಉದ್ಯಮದಲ್ಲಿ 'ಸ್ವತಂತ್ರ ಸಂಸ್ಥೆ' ಎಂದರೇನು ಎಂಬುದನ್ನು ಮೊದಲು ತಿಳಿಯೋಣ. ದೊಡ್ಡ ಆಟವೊಂದನ್ನು ತಯಾರಿಸಲು ನೂರಾರು ಮಂದಿ ಹಲವು ವರ್ಷ ದುಡಿಯಬೇಕಾಗುತ್ತದೆ. ಚಿತ್ರಕಾರರು, ಸಂಗೀತಗಾರರು, ಕ್ರಮವಿಧಿಯನ್ನು ಬರೆಯುವವರು ಹೀಗೆ ಅಲ್ಲಿ ಬಗೆಬಗೆಯ ಕುಶಲಿಗಳಿರುತ್ತಾರೆ. ಇವರೆಲ್ಲರ ಖರ್ಚನ್ನು ಪ್ರಕಾಶಕ ಸಂಸ್ಥೆಯೊಂದು ಭರಿಸುತ್ತದೆ. ಹಣ ಹೂಡಿದವನು ಎಂತಹ ಆಟ ಬೇಕು, ಎಂದು ಬೇಕು ಎಂಬುದನ್ನೂ ನಿರ್ಧರಿಸುವುದು ಸಹಜ. ಇಂತಹ ಪ್ರಕಾಶಕನ ಆಸರೆಯನ್ನು ಬಯಸದೆ, ತಮ್ಮ ಕಲ್ಪನೆಯ ಆಟವನ್ನು ತಮ್ಮ ದುಡಿಮೆಯಿಂದಲೇ ರೂಪಿಸುವ ಚಿಕ್ಕ ತಂಡಗಳನ್ನು ಸ್ವತಂತ್ರ ಸಂಸ್ಥೆಗಳೆಂದು ಕರೆಯುತ್ತಾರೆ. ಅಂತರಜಾಲವು ಮನೆಮನೆಗೆ ಹರಡಿದ ಮೇಲೆ ಇವರಿಗೆ ದಾರಿ ಸುಗಮವಾಯಿತು. ಆಟವನ್ನು ಪೆಟ್ಟಿಗೆಯಲ್ಲಿಟ್ಟು ಅಂಗಡಿಗೆ ಕಳುಹಿಸುವ ಅಗತ್ಯ ತಪ್ಪಿ, ತಯಾರಿಸಿದವನೇ ಆಡುವವನಿಗೆ ನೇರವಾಗಿ ಮಾರುವುದು ಸಾಧ್ಯವಾಯಿತು.

ಮೈನ್‌ಕ್ರಾಫ್ಟಿನ ಕರ್ತೃ ಮಾರ್ಕಸ್ ಪೆರ್ಸನ್ ಅವರು ಜನಿಸಿದ್ದು 1979ರಲ್ಲಿ. ಅವರ ಮನೆಯಲ್ಲಿ ತಂದೆಯ ಕಮೊಡೋರ್ 128 ಎಂಬ ಕಂಪ್ಯೂಟರ್ ಇದ್ದಿತು. ಏಳನೆಯ ವಯಸ್ಸಿಗೇ ಆ ಯಂತ್ರದ ಮುಂದೆ ಕುಳಿತು ಕ್ರಮವಿಧಿಗಳನ್ನು ಬರೆಯತೊಡಗಿದ ಬಾಲಕನಿಗೆ ಅದೇ ಮುಂದೆ ಬದುಕಿನ ಹಾದಿಯಾಯಿತು. ದೊಡ್ಡವರಾದ ಮೇಲೆ ಆಟಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಅವರು ನೌಕರಿಗೆ ಸೇರಿದರು. ಹಗಲೆಲ್ಲ ಕಂಪನಿಯ ಕೆಲಸ. ಮನೆಗೆ ಬಂದ ಮೇಲೆ ತಮ್ಮದೇ ಆಟಗಳ ಕೆಲಸ. ಗೆಳೆಯರೊಬ್ಬರೊಡನೆ ಕೂಡಿ 'ವರ್ಮ್ ಆನ್‌ಲೈನ್' ಎಂಬ ಆಟವನ್ನೂ ಅವರು ಕೆಲವು ವರ್ಷ ಬೆಳೆಸಿದ್ದರು. ಆ ಕಾಲದಲ್ಲಿಯೇ ಮೊಜಾಂಗ್ ಎಂಬ ಹೆಸರು ಹುಟ್ಟಿತು. ಸ್ವೀಡಿಷ್ ಭಾಷೆಯಲ್ಲಿ ಈ ಪದಕ್ಕೆ ಹೆಸರು ಥಟ್ಟನೆ ನೆನಪಿಗೆ ಬಾರದ ಯಾವುದೋ ಚಿಕ್ಕ ಸಲಕರಣೆ ಎಂಬ ಅರ್ಥವಿದೆ.

2009ರಲ್ಲಿ ಜ್ಯಾಕರಿ ಬಾರ್ತ್ ಎಂಬ ಅಮೆರಿಕದ ತರುಣ ರೂಪಿಸಿದ 'ಇನ್ಫಿನಿಮೈನರ್' ಎಂಬ ಆಟವನ್ನು ಪೆರ್ಸನ್ ಅವರು ನೋಡಿದರು. ಘನಾಕೃತಿಯ ಇಟ್ಟಿಗೆಗಳಿಂದಾದ ನೆಲವನ್ನು ಅಗೆಯುವ, ಇಟ್ಟಿಗೆಗಳನ್ನು ಪೇರಿಸುವ ಆಟ ಅದು. ಅದರ ಕ್ರಮವಿಧಿಯ ಮೂಲಲಿಪಿ ಹೊರಗೆ ಸೋರಿಹೋದುದರಿಂದ ಬಾರ್ತ್ ಅದನ್ನು ಮುಂದುವರಿಸುವುದನ್ನು ಕೈಬಿಟ್ಟರು. ಆದರೆ ಆ ಕಲ್ಪನೆ ಪೆರ್ಸನ್ ಅವರ ಮನಸ್ಸಿನಲ್ಲಿ ಬೇರೂರಿತು. ಆ ಆಟಕ್ಕೆ ತಾವು ಋಣಿಯೆಂಬುದನ್ನು ಅವರು ಮುಚ್ಚಿಡಲಿಲ್ಲ. ಯಾವ ಕೃತಿಯೂ ಬರಿಯ ಶೂನ್ಯದಿಂದ ಹುಟ್ಟುವುದಿಲ್ಲ. ಒಬ್ಬನು ಹಚ್ಚಿದ ದೀಪದಿಂದ ಇನ್ನೊಬ್ಬನು ತನ್ನ ದೀಪವನ್ನು ಹಚ್ಚಿಕೊಳ್ಳುತ್ತಾನೆ.

2009ರ ಮೇ ತಿಂಗಳಲ್ಲಿ ಮೈನ್‌ಕ್ರಾಫ್ಟಿನ ಮೊದಲ ರೂಪ ಅಂತರಜಾಲದಲ್ಲಿ ಕಾಣಿಸಿಕೊಂಡಿತು. ಅದು ಪೂರ್ತಿಯಾದ ಆಟವಾಗಿರಲಿಲ್ಲ. ಅರ್ಧ ಕಟ್ಟಿದ ಮನೆಯಂತಿತ್ತು. ಮರುತಿಂಗಳಿನಿಂದಲೇ ಪೆರ್ಸನ್ ಅವರು ಅದನ್ನು ಸುಮಾರು 10 ಯೂರೋಗಳಿಗೆ ಮಾರತೊಡಗಿದರು. ಈಗ ಕೊಂಡವರಿಗೆ ಮುಂದಿನ ಸುಧಾರಿತ ರೂಪಗಳೆಲ್ಲ ಉಚಿತವಾಗಿ ದೊರೆಯುವುವು ಎಂದು ಮಾತು ಕೊಟ್ಟರು. ಕೊಂಡವರು ಆಡಿದರು, ತಪ್ಪುಗಳನ್ನು ತೋರಿಸಿದರು, ಹೊಸ ಸಲಹೆಗಳನ್ನು ಕೊಟ್ಟರು. ಅವನ್ನು ಗಮನಿಸಿ ಆಟವನ್ನು ತಿದ್ದುತ್ತಾ ಹೋದರು. ಹೀಗೆ ಕಟ್ಟುವವನಿಗೂ ವಾಸಿಸುವವರಿಗೂ ನಡುವೆ ಗೋಡೆಯಿಲ್ಲದೆ ಆ ಮನೆ ಬೆಳೆಯಿತು. ಪ್ರಕಾಶಕನ ಹಣವಿಲ್ಲದ ಕೊರತೆಯನ್ನು ಆಡುವವರ ವಿಶ್ವಾಸವೇ ತುಂಬಿಕೊಟ್ಟಿತು.

ಈ ಆಟದಲ್ಲಿ ಅಂತಹ ವಿಶೇಷವೇನು? ಆಟ ಆರಂಭವಾದೊಡನೆ ನೀವು ಒಂದು ನಿರ್ಜನ ಪ್ರದೇಶದಲ್ಲಿ ನಿಂತಿರುತ್ತೀರಿ. ನೆಲ, ಮರ, ಬಂಡೆ ಎಲ್ಲವೂ ಒಂದು ಮೀಟರ್ ಅಳತೆಯ ಘನಗಳಿಂದ ಆದವು. ಮರವನ್ನು ಕಡಿದರೆ ಹಲಗೆ, ಹಲಗೆಯಿಂದ ಕೆಲಸದ ಮೇಜು, ಮೇಜಿನ ಮೇಲೆ ಗುದ್ದಲಿ ಕೊಡಲಿಗಳು. ಕತ್ತಲಾದರೆ ಕೇಡು ಮಾಡುವ ಜೀವಿಗಳು ಹೊರಬರುವುದರಿಂದ ಅಷ್ಟರೊಳಗೆ ತಲೆಯ ಮೇಲೊಂದು ಸೂರನ್ನು ಮಾಡಿಕೊಳ್ಳಬೇಕು. ಮುಂದೆ ಏನು ಮಾಡಬೇಕೆಂಬುದು ನಿಮ್ಮ ಇಚ್ಛೆ. ಸುರಂಗ ತೋಡಬಹುದು, ತೋಟ ಬೆಳೆಸಬಹುದು, ಕೋಟೆ ಕಟ್ಟಬಹುದು.

ಈ ಪ್ರಪಂಚದ ವಿಸ್ತಾರ ಬೆರಗುಗೊಳಿಸುವಂತಹುದು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸುಮಾರು 6 ಕೋಟಿ ಘನಗಳಷ್ಟು ದೂರವಿದೆ. ಇಷ್ಟು ದೊಡ್ಡ ಲೋಕದ ಬೆಟ್ಟ ಕಣಿವೆಗಳನ್ನು ಯಾವ ಚಿತ್ರಕಾರನೂ ಕುಳಿತು ಬಿಡಿಸಿಲ್ಲ. ಆಟ ತೊಡಗುವಾಗ ಕಂಪ್ಯೂಟರ್ ಒಂದು ಸಂಖ್ಯೆಯನ್ನು ಆರಿಸಿಕೊಳ್ಳುತ್ತದೆ. ಅದಕ್ಕೆ 'ಬೀಜ' ಎಂದು ಹೆಸರು. ಆ ಸಂಖ್ಯೆಯನ್ನು ಗಣಿತದ ಸೂತ್ರಗಳಿಗೆ ಒಳಪಡಿಸಿ, ಎಲ್ಲಿ ನೆಲ ಏರಬೇಕು, ಎಲ್ಲಿ ಇಳಿಯಬೇಕು, ಎಲ್ಲಿ ನೀರು ನಿಲ್ಲಬೇಕು ಎಂಬುದನ್ನು ಅದು ಲೆಕ್ಕ ಹಾಕುತ್ತದೆ. ಉದ್ದಕ್ಕೆ 16, ಅಗಲಕ್ಕೆ 16 ಘನಗಳಿರುವ ತುಂಡುಗಳಾಗಿ, ಆಡುವವನು ಸಮೀಪಿಸಿದಂತೆಲ್ಲ ನೆಲವು ರಚಿತವಾಗುತ್ತಾ ಹೋಗುತ್ತದೆ. ಆಟದ ಆವೃತ್ತಿಯೂ ಬೀಜವೂ ಒಂದೇ ಆಗಿದ್ದರೆ ಬೇರೆ ಬೇರೆ ದೇಶಗಳಲ್ಲಿರುವ ಇಬ್ಬರಿಗೂ ಅದೇ ಬೆಟ್ಟ, ಅದೇ ನದಿ ಕಾಣಿಸುತ್ತವೆ. ಬೀಜ ಬದಲಾದರೆ ಲೋಕವೇ ಬದಲಾಗುತ್ತದೆ. ಒಬ್ಬನೇ ಮನುಷ್ಯ ಇಷ್ಟು ವಿಶಾಲವಾದ ಜಗತ್ತನ್ನು ಸೃಷ್ಟಿಸಲು ಸಾಧ್ಯವಾದದ್ದು ಈ ಉಪಾಯದಿಂದಲೇ.

ತಪ್ಪುಗಳೂ ಇಲ್ಲಿ ಫಲ ಕೊಟ್ಟದ್ದುಂಟು. ಒಮ್ಮೆ ಪೆರ್ಸನ್ ಅವರು ಹಂದಿಯ ಆಕೃತಿಯೊಂದನ್ನು ರಚಿಸುತ್ತಿದ್ದಾಗ ಉದ್ದ ಎತ್ತರಗಳ ಅಳತೆಗಳು ಅದಲುಬದಲಾದವು. ಅಡ್ಡಲಾಗಿರಬೇಕಾದ ಒಡಲು ನೆಟ್ಟಗೆ ಎದ್ದು ನಿಂತಿತು. ಆ ವಿಕಾರ ರೂಪವನ್ನು ಅಳಿಸಿಹಾಕದೆ, ಅದಕ್ಕೆ ಹಸಿರು ಬಣ್ಣ ಬಳಿದು, ಸದ್ದಿಲ್ಲದೆ ಬಳಿ ಬಂದು ಸಿಡಿಯುವ ಜೀವಿಯನ್ನಾಗಿ ಮಾಡಿದರು. 'ಕ್ರೀಪರ್' ಎಂಬ ಆ ಜೀವಿ ಇಂದು ಇಡೀ ಆಟದ ಗುರುತಾಗಿ ನಿಂತಿದೆ.

ಮಾರಾಟವು ದಿನದಿನಕ್ಕೆ ಏರತೊಡಗಿತು. 2010ರಲ್ಲಿ ಅಮೆರಿಕದ ಹೆಸರಾಂತ ವಾಲ್ವ್ ಸಂಸ್ಥೆಯಿಂದ ಪೆರ್ಸನ್ ಅವರಿಗೆ ನೌಕರಿಯ ಆಹ್ವಾನ ಬಂದಿತು. ಅವರು ಅದನ್ನು ಒಪ್ಪಿಕೊಳ್ಳಲಿಲ್ಲ. ತಮ್ಮ ಹಿಂದಿನ ಸಹೋದ್ಯೋಗಿ ಯಾಕೊಬ್ ಪೋರ್ಸೇರ್ ಮತ್ತು ವ್ಯವಹಾರ ಬಲ್ಲ ಕಾರ್ಲ್ ಮಾನ್ನೆ ಅವರೊಡನೆ ಕೂಡಿ ಸ್ಟಾಕ್‌ಹೋಮಿನಲ್ಲಿಯೇ ಮೊಜಾಂಗ್ ಸಂಸ್ಥೆಯನ್ನು ಕಟ್ಟಿದರು. 2011ರ ಜನವರಿಯಲ್ಲಿ ಮಾರಾಟವಾದ ಪ್ರತಿಗಳ ಸಂಖ್ಯೆ 10 ಲಕ್ಷವನ್ನು ಮುಟ್ಟಿತು. ಆಗಲೂ ಆಟ ಪೂರ್ತಿಯಾಗಿರಲಿಲ್ಲ ಎಂಬುದು ಗಮನಾರ್ಹ. ಅದರ ಪೂರ್ಣರೂಪ ಹೊರಬಂದದ್ದು 2011ರ ನವೆಂಬರ್ 18ರಂದು. ಜರ್ಮನಿಯ ಡೇನಿಯಲ್ ರೋಸೆನ್‌ಫೆಲ್ಡ್ ಅವರು ರಚಿಸಿದ ಮೆಲುದನಿಯ ಸಂಗೀತವೂ ಆಟದಷ್ಟೇ ಜನಪ್ರಿಯವಾಯಿತು.

ಸಂಸ್ಥೆಗೆ ಸಂಪತ್ತು ಹರಿದು ಬಂದಿತು. 2012ರಲ್ಲಿ ಪೆರ್ಸನ್ ಅವರು ತಮ್ಮ ಪಾಲಿಗೆ ಬಂದ ಸುಮಾರು 30 ಲಕ್ಷ ಡಾಲರುಗಳ ಲಾಭಾಂಶವನ್ನು ಸಂಸ್ಥೆಯ ನೌಕರರಿಗೆ ಹಂಚಿದರು. ಆ ವೇಳೆಗೆ ಮೈನ್‌ಕ್ರಾಫ್ಟಿನ ಮುಖ್ಯ ಹೊಣೆಯನ್ನು ಯೆನ್ಸ್ ಬರ್ಗೆನ್‌ಸ್ಟೆನ್ ಎಂಬ ಸಹೋದ್ಯೋಗಿಗೆ ಒಪ್ಪಿಸಿ ಅವರು ಹೊಸ ಆಟಗಳ ಕಡೆಗೆ ತಿರುಗಿದ್ದರು. ಆದರೆ ಮೊದಲ ಆಟದ ನೆರಳು ಬಹು ದಟ್ಟವಾಗಿತ್ತು. ಅಂತರಿಕ್ಷವನ್ನು ಕುರಿತು ಅವರು ತೊಡಗಿಸಿದ ಆಟವೊಂದು ನಡುವೆಯೇ ನಿಂತುಹೋಯಿತು. ಪೋರ್ಸೇರ್ ಅವರ ಮುಂದಾಳ್ತನದಲ್ಲಿ ಸಿದ್ಧವಾದ 'ಸ್ಕ್ರೋಲ್ಸ್' ಎಂಬ ಆಟ ಹೆಚ್ಚು ಕಾಲ ಬಾಳಲಿಲ್ಲ.

ಆಟ ಬೆಳೆದಂತೆ ಅದರ ಹೊಣೆಯೂ ಬೆಳೆಯಿತು. ಹಲವರು ಒಟ್ಟಿಗೆ ಆಡಲು ಅನುಕೂಲ ಕಲ್ಪಿಸುತ್ತಿದ್ದ ಕೆಲವರು, ಆಟದೊಳಗೆ ವಿಶೇಷ ಬಲವನ್ನು ಕೊಡುವ ವಸ್ತುಗಳನ್ನು ಹಣಕ್ಕೆ ಮಾರುತ್ತಿದ್ದರು. ಇದು ನಿಯಮಕ್ಕೆ ವಿರುದ್ಧವೆಂದು 2014ರ ಜೂನ್‌ನಲ್ಲಿ ಸಂಸ್ಥೆ ಸ್ಪಷ್ಟಪಡಿಸಿದಾಗ ದೊಡ್ಡ ಕೋಲಾಹಲವೆದ್ದಿತು. ದೈನಂದಿನ ಆಡಳಿತದಿಂದ ದೂರ ಸರಿದಿದ್ದರೂ ನಿಂದೆಯೆಲ್ಲ ಪೆರ್ಸನ್ ಅವರ ಮೇಲೆಯೇ ಬಿದ್ದಿತು. ಬೇಸತ್ತ ಅವರು, ತಮ್ಮ ಪಾಲನ್ನು ಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು ಬಹಿರಂಗವಾಗಿಯೇ ಕೇಳಿಬಿಟ್ಟರು. 2014ರ ಸೆಪ್ಟೆಂಬರ್ 15ರಂದು ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆ ಮೊಜಾಂಗನ್ನು 250 ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ಪ್ರಕಟಿಸಿತು. ನವೆಂಬರ್‌ನಲ್ಲಿ ವ್ಯವಹಾರ ಮುಗಿಯಿತು. ಮೂವರು ಸ್ಥಾಪಕರೂ ತಾವು ಕಟ್ಟಿದ ಮನೆಯಿಂದ ಹೊರನಡೆದರು. ತಾವು ಆಟ ಕಟ್ಟುವುದು ಕಟ್ಟುವ ಸಂತೋಷಕ್ಕಾಗಿ, ಇಷ್ಟು ದೊಡ್ಡದರ ಭಾರವನ್ನು ಹೊರುವ ಶಕ್ತಿ ತಮಗಿಲ್ಲ, ಮಾರಿದ್ದು ಹಣಕ್ಕಾಗಿ ಅಲ್ಲ, ಮನಸ್ಸಿನ ನೆಮ್ಮದಿಗಾಗಿ ಎಂಬುದು ಪೆರ್ಸನ್ ಅವರು ಕೊಟ್ಟ ವಿವರಣೆ.

ಇದನ್ನು ಕೇಳಿ ಹಲವರು ನೊಂದರು. ಯಾರ ಅಂಕೆಗೂ ಒಳಪಡದೆ ಬೆಳೆದ ಸಂಸ್ಥೆ ಕೊನೆಗೆ ದೊಡ್ಡ ಒಡೆಯನ ಕೈಸೇರಿತಲ್ಲ ಎಂದು ಹಳಿದರು. ಆ ನೋವು ಸಹಜವೇ. ಆಟ ಹುಟ್ಟಿದಾಗ ನಂಬಿ ಹಣ ಕೊಟ್ಟವರು ಅವರೇ ಅಲ್ಲವೇ? ಆದರೆ ಇನ್ನೊಂದು ಮಗ್ಗುಲೂ ಉಂಟು. ಅಪ್ಪಣೆ ಕೊಡುವ ಒಡೆಯನಿಲ್ಲದಿರುವುದು ಸ್ವಾತಂತ್ರ್ಯದ ಒಂದು ಮುಖ ಮಾತ್ರ. ತಾನು ಕಟ್ಟಿದ್ದಕ್ಕೆ ತಾನೇ ಉತ್ತರವಾದಿಯಾಗುವುದು ಅದರ ಇನ್ನೊಂದು ಮುಖ. ತನಗಾಗಿ ಕಟ್ಟಿಕೊಂಡ ಗುಡಿಸಿಲು ಊರಿಗೇ ಛತ್ರವಾದಾಗ, ಕಟ್ಟಿದವನು ಇಷ್ಟವಿರಲಿ ಇಲ್ಲದಿರಲಿ ಅದರ ಪಾರುಪತ್ಯಗಾರನಾಗಬೇಕಾಗುತ್ತದೆ. ಕಟ್ಟುವ ಕೌಶಲವೂ ಪಾರುಪತ್ಯದ ಕೌಶಲವೂ ಒಬ್ಬನಲ್ಲಿಯೇ ಇರಬೇಕೆಂಬ ನಿಯಮವೇನೂ ಇಲ್ಲ. ತನ್ನಿಂದಾಗದು ಎಂದು ಅರಿತು ಕೆಳಗಿಳಿಸಿದ ಹೊರೆಯನ್ನು ಸೋಲೆಂದು ಕರೆಯಲು ನನಗೆ ಮನಸ್ಸು ಬಾರದು.

ಮೊಜಾಂಗ್ ಇಂದು ಸ್ವತಂತ್ರ ಸಂಸ್ಥೆಯಲ್ಲ. ಮೈಕ್ರೋಸಾಫ್ಟಿನ ಅಂಗವಾಗಿ, 2020ರಿಂದ ಮೊಜಾಂಗ್ ಸ್ಟುಡಿಯೋಸ್ ಎಂಬ ಹೆಸರಿನಲ್ಲಿ ಅದು ಕೆಲಸ ಮಾಡುತ್ತಿದೆ. ಆಟ ಮಾತ್ರ ಬೆಳೆಯುತ್ತಲೇ ಇದೆ. 2023ರ ವೇಳೆಗೆ ಅದರ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಶಾಲೆಗಳಿಗೆಂದೇ 2016ರಲ್ಲಿ ಪ್ರತ್ಯೇಕ ಆವೃತ್ತಿ ಹೊರಬಂದಿತು. ಸ್ವತಂತ್ರವಾಗಿದ್ದಾಗಲೇ, 2012ರಲ್ಲಿ, ಮೊಜಾಂಗ್ ವಿಶ್ವಸಂಸ್ಥೆಯ ವಸತಿ ವಿಭಾಗದೊಡನೆ ಕೂಡಿ ಒಂದು ಯೋಜನೆಯನ್ನು ಆರಂಭಿಸಿತ್ತು. ಬಡ ಬಡಾವಣೆಗಳ ಜನರು ತಮ್ಮ ಆಟದ ಬಯಲು, ತಮ್ಮ ಓಣಿ ಹೇಗಿರಬೇಕೆಂಬುದನ್ನು ಮೈನ್‌ಕ್ರಾಫ್ಟಿನಲ್ಲಿ ಕಟ್ಟಿ ತೋರಿಸುತ್ತಾರೆ. ಅದನ್ನು ನೋಡಿ ನಿಜವಾದ ಕಾಮಗಾರಿಯ ನಕ್ಷೆ ಸಿದ್ಧವಾಗುತ್ತದೆ. ಕೀನ್ಯಾದ ನೈರೋಬಿ ನಗರದ ಕಿಬೇರಾ ಬಡಾವಣೆಯಲ್ಲಿ ಈ ಪ್ರಯೋಗ ಮೊದಲು ನಡೆಯಿತು. ನಕ್ಷೆಯನ್ನು ಓದಲು ಬಾರದವರೂ ತಮ್ಮ ಊರು ಹೇಗಿರಬೇಕೆಂದು ಹೇಳುವುದು ಆಗ ಸಾಧ್ಯವಾಯಿತು.

ಹೊಳೆಯ ದಂಡೆಯ ಗೂಡು ಮುಂದಿನ ಪ್ರವಾಹಕ್ಕೆ ಕರಗಿಹೋಗುತ್ತದೆ. ಆದರೆ ಅದನ್ನು ಕಟ್ಟಿದ ಕೈಗಳಿಗೆ ಕಟ್ಟುವುದು ತಿಳಿದಿರುತ್ತದೆ. ಸಂಸ್ಥೆಗಳ ಒಡೆತನ ಬದಲಾಗಬಹುದು, ಸ್ಥಾಪಕರು ಹೊರಗೆ ಹೋಗಬಹುದು. ಬೇರೊಬ್ಬರ ಅಪ್ಪಣೆಗೆ ಕಾಯದೆ, ಇದ್ದಷ್ಟು ಬಿಡುವಿನಲ್ಲಿ, ಅಪೂರ್ಣವಾದರೂ ಚಿಂತೆಯಿಲ್ಲವೆಂದು ಮೊದಲ ಇಟ್ಟಿಗೆಯನ್ನು ಇಟ್ಟವನ ಧೈರ್ಯವನ್ನು ಮಾತ್ರ ಯಾರೂ ಕೊಳ್ಳಲಾರರು, ಯಾರೂ ಮಾರಲಾರರು. ಮುಂದಿನ ಬಾರಿ ಪರದೆಯ ಮುಂದೆ ಆಡಲು ಕುಳಿತಾಗ, ಇದನ್ನು ಕಟ್ಟಿದವರಾರು, ಹೇಗೆ ಕಟ್ಟಿದರು ಎಂದು ಒಂದು ಕ್ಷಣ ಯೋಚಿಸಿರಿ. ಆ ಪ್ರಶ್ನೆಯೇ ನಿಮ್ಮ ಮೊದಲ ಇಟ್ಟಿಗೆಯಾದೀತು.